ಬೆರಳು ಬರಲಿಲ್ಲ ಅಂತ ಅಕ್ಕಿ ತಪ್ಪಿಸೋ ಹಾಗಿಲ್ಲ

ಅಜ್ಜಿಯ ಥಂಬ್ ಯಂತ್ರದಲ್ಲಿ ಬರುತ್ತಿಲ್ಲ, ಎರಡು ತಿಂಗಳಿಂದ ರೇಷನ್ ಸಿಕ್ಕಿಲ್ಲ, ಆಧಾರ್ ಕಡ್ಡಾಯ ಅಲ್ಲ ಅಂತ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ, ಮತ್ತೆ ಹೀಗೇಕೆ ಅಂತ ಕೇಳಿದ್ದೀರಿ. ಓದಿದ ಕೂಡಲೇ ನನಗೆ ಅಮ್ಮನ ನೆನಪಾಯಿತು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ರೇಷನ್‌ಗೆ ಆಧಾರ್ ಬೇಡ ಅಂತ ಕೋರ್ಟ್ ಹೇಳಿಲ್ಲ. ಆಧಾರ್ ಪ್ರಶ್ನಿಸಿ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು, 2012ರಲ್ಲಿ. ಆಗ ಅವರಿಗೆ 86 ವರ್ಷ! ಅದೇ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವೂ ಮೂಲಭೂತ ಹಕ್ಕು ಅಂತ ಹೇಳಿತು. 2018ರ ಸೆಪ್ಟೆಂಬರ್ 26ರಂದು ಐವರ ಪೀಠ ಆಧಾರ್ ಕಾಯ್ದೆಯ ಬಗ್ಗೆ ತೀರ್ಪು ಕೊಟ್ಟಿತು. ಬ್ಯಾಂಕ್ ಖಾತೆ, ಸಿಮ್, ಶಾಲೆ ಪ್ರವೇಶ ಇವಕ್ಕೆಲ್ಲ ಕಡ್ಡಾಯ ಮಾಡೋ ಹಾಗಿಲ್ಲ ಅಂದಿತು. ಆದರೆ ಸರ್ಕಾರದ ಸಬ್ಸಿಡಿಗೆ ಆಧಾರ್ ಕೇಳುವ 7ನೇ ಸೆಕ್ಷನ್ನನ್ನು ಹಾಗೇ ಉಳಿಸಿತು. 'ಕಡ್ಡಾಯ ಅಲ್ಲ' ಅನ್ನೋ ಅರ್ಧ ಮಾತು ಹಿಡಿದು ಅಂಗಡಿಯವರ ಹತ್ತಿರ ವಾದಕ್ಕೆ ನಿಂತರೆ ಸೋಲುತ್ತೀರಿ.

ನಿಮಗೆ ಬೇಕಾದ ಮಾತು ಅದೇ ತೀರ್ಪಿನಲ್ಲಿ ಬೇರೆ ಕಡೆ ಇದೆ. ಬೆರಳಚ್ಚು ತಾಳೆ ಆಗಲಿಲ್ಲ ಅಂತ ಅರ್ಹರಿಗೆ ಸೌಲಭ್ಯ ತಪ್ಪಿಸುವುದಿಲ್ಲ ಅಂತ ಸರ್ಕಾರ ಕೋರ್ಟಿಗೆ ಮಾತು ಕೊಟ್ಟಿತ್ತು. ಕೋರ್ಟ್ ಅದನ್ನು ದಾಖಲು ಮಾಡಿದೆ.

ನನ್ನ ಅಮ್ಮ ಇಪ್ಪತ್ತೈದು ವರ್ಷ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದವಳು. ಚೊಗರು ಹತ್ತಿ ಹತ್ತಿ ಬೆರಳು ಕಪ್ಪು, ತುದಿಯಲ್ಲಿ ಗೆರೆಯೇ ಇಲ್ಲ. ಒಂದು ದಿನ ರೇಷನ್ ಅಂಗಡಿಯ ಯಂತ್ರ ಅವಳ ಬೆರಳನ್ನೂ ತೆಗೆದುಕೊಳ್ಳಲಿಲ್ಲ. ಸೆರಗಿಗೆ ಒರೆಸಿ ಒತ್ತಿದಳು. ತೆಂಗಿನೆಣ್ಣೆ ಸವರಿ ಒತ್ತಿದಳು. ಹತ್ತೂ ಬೆರಳು ಆಯಿತು. ಹಿಂದೆ ಸಾಲಿನಲ್ಲಿದ್ದವರು ಗೊಣಗಲು ಶುರು ಮಾಡಿದರು. ಅಮ್ಮ ಖಾಲಿ ಚೀಲ ಮಡಚಿ ಕಂಕುಳಲ್ಲಿಟ್ಟುಕೊಂಡು ಸುಮ್ನೆ ಮನೆಗೆ ಬಂದಳು. ದುಡಿದು ಸವೆದ ಬೆರಳಿಗೆ ಅನ್ನ ಇಲ್ಲ ಅಂದರೆ ಸಿಟ್ಟು ಬರದೆ ಇರುತ್ತದಾ? ನನಗೆ ಈಗಲೂ ಬರುತ್ತದೆ.

ನೀವು ಹೀಗೆ ಮಾಡಿ. ಕಾರ್ಡಿನಲ್ಲಿ ಹೆಸರಿರುವ ಬೇರೆ ಯಾರಾದರೂ ಊರಲ್ಲಿದ್ದರೆ ಅವರ ಥಂಬ್ ಕೊಡಿಸಿ, ಅಲ್ಲಿಗೇ ಮುಗಿಯಬಹುದು. ಅಜ್ಜಿ ಒಬ್ಬರೇ ಇದ್ದರೆ, ಕೇಂದ್ರ ಆಹಾರ ಇಲಾಖೆ 2017ರಲ್ಲೇ ಹೊರಡಿಸಿದ ಆದೇಶದ ಬಗ್ಗೆ ಅಂಗಡಿಯವರಿಗೆ ಹೇಳಿ. ಬೆರಳೂ ಬರದೆ, ಮೊಬೈಲ್‌ಗೆ ಒಟಿಪಿಯೂ ಬರದಿದ್ದರೆ, ಆಧಾರ್ ಮತ್ತು ರೇಷನ್ ಕಾರ್ಡ್ ನೋಡಿ, ರಿಜಿಸ್ಟರಿನಲ್ಲಿ ಬರೆದುಕೊಂಡು ಧಾನ್ಯ ಕೊಡಬೇಕು ಅಂತ ಅದರಲ್ಲಿದೆ. ಆಗಲೂ ಕೊಡದಿದ್ದರೆ ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಅರ್ಜಿ ಕೊಡಿ. ಬಾಯಿಮಾತಲ್ಲಿ ಹೇಳಿ ಬರಬೇಡಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ನಮ್ಮ ಕೆಲಸ ಆಗಿದ್ದು ಆ ಸೀಲಿನಿಂದಲೇ. ಹನ್ನೊಂದನೇ ದಿನ ಅಂಗಡಿಯವರೇ ಫೋನ್ ಮಾಡಿ ಅಮ್ಮನನ್ನು ಕರೆದರು.

ಸಹಾಯವಾಣಿ 1967. ಅದರ ಮೇಲೆ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿ, ರಾಜ್ಯ ಆಹಾರ ಆಯೋಗ ಇದ್ದಾರೆ. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಅರ್ಹರಿಗೆ ಧಾನ್ಯ ಸಿಗದೇ ಹೋದರೆ ಬದಲಿಗೆ ಆಹಾರ ಭದ್ರತಾ ಭತ್ಯೆ ಕೊಡಬೇಕು ಅಂತ 2013ರ ಆಹಾರ ಭದ್ರತಾ ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತದೆ. ಅಜ್ಜಿಗೆ ತಪ್ಪಿಹೋದ ಆ ಎರಡು ತಿಂಗಳನ್ನೂ ಅರ್ಜಿಯಲ್ಲಿ ಬರೆಯಿರಿ, ತಿಂಗಳ ಹೆಸರು ಸಮೇತ.