ಕೋರ್ಟಿನಲ್ಲಿ ನೊಂದವರ ಪಕ್ಕ ಕೂರುವವರು ಯಾರು?

ಪ್ರಶ್ನೆ: ಮೇಡಂ, ನಮ್ಮೂರು ಬೇಲೂರು ಕಡೆ. ಹಾಸನದಲ್ಲಿ ಎಂ.ಎಸ್.ಡಬ್ಲ್ಯೂ ಮುಗಿಸಿದ್ದೇನೆ. ಅಮೆರಿಕದಲ್ಲಿರುವ ನಮ್ಮ ದೊಡ್ಡಪ್ಪನ ಮಗಳು ಅಲ್ಲಿನ ಪ್ರಾಸಿಕ್ಯೂಟರ್ (ಸರ್ಕಾರದ ಪರ ಕೇಸು ನಡೆಸುವ ವಕೀಲರ) ಕಚೇರಿಯಲ್ಲಿ ವಿಕ್ಟಿಮ್ ಅಡ್ವೊಕೇಟ್, ಅಂದರೆ ಕೇಸಿನುದ್ದಕ್ಕೂ ನೊಂದವರಿಗೆ ನೆರವಾಗುವವರು, ಆಗಿದ್ದಾರೆ. ಅವರು ವಕೀಲರಲ್ಲ, ನನ್ನ ಹಾಗೆ ಸಮಾಜಕಾರ್ಯ ಓದಿದವರು. ನಮ್ಮ ಜಿಲ್ಲೆಯಲ್ಲಿ ಇಂಥ ಕೆಲಸ ಇದೆಯಾ? ಇದ್ದರೆ ಏನೇನು ಕಲಿತಿರಬೇಕು?

ಉತ್ತರ: ನಮ್ಮ ಪಿಪಿ (ಪಬ್ಲಿಕ್ ಪ್ರಾಸಿಕ್ಯೂಟರ್) ಕಚೇರಿಗಳಲ್ಲಿ ಆ ಹೆಸರಿನ ಹುದ್ದೆ ಇಲ್ಲ. ಆದರೆ ಕೆಲಸ ಇದೆ, ಮಾಡುವವರು ಸಾಲದು. ನಿಮ್ಮಂಥವರು ಬರಬೇಕು ಅಂತ ನನಗೆ ತುಂಬಾ ಆಸೆ.

ಅಮೆರಿಕದಲ್ಲಿ 1970ರ ದಶಕದಿಂದ ಪ್ರಾಸಿಕ್ಯೂಟರ್ ಕಚೇರಿಗಳೇ ಇಂಥವರನ್ನು ನೇಮಿಸಿಕೊಳ್ಳುತ್ತಿವೆ. 1984ರ ಒಂದು ಕಾನೂನಿನಿಂದ, ಫೆಡರಲ್ ಕೇಸುಗಳಲ್ಲಿ ಅಪರಾಧಿಗಳು ಕಟ್ಟುವ ದಂಡದ ಹಣ ನೊಂದವರ ನೆರವಿಗೆ ಹೋಗುತ್ತದೆ. ಆದರೆ ಅಲ್ಲಿ ಒಂದು ತೊಡಕೂ ಇದೆ. ಆರೋಪಿಗೆ ಅನುಕೂಲವಾಗುವ ವಿಷಯ ಸಿಕ್ಕರೆ ಪ್ರಾಸಿಕ್ಯೂಟರ್ ಅದನ್ನು ಮುಚ್ಚಿಡುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1963ರಲ್ಲೇ ಹೇಳಿದೆ. ನಿಮ್ಮ ಅಕ್ಕ ಆ ಕಚೇರಿಯವರೇ ಆದ್ದರಿಂದ ನೊಂದವರು ಅವರ ಹತ್ತಿರ ಹೇಳಿಕೊಂಡಿದ್ದೆಲ್ಲ ಗುಟ್ಟಾಗಿಯೇ ಉಳಿಯುತ್ತದೆ ಅನ್ನುವ ಹಾಗಿಲ್ಲ. ಅದನ್ನು ಮೊದಲ ಭೇಟಿಯಲ್ಲೇ ನೊಂದವರಿಗೆ ತಿಳಿಸಬೇಕಾಗುತ್ತದೆ. ಈ ಪಾಠ ನಮಗೂ ಬೇಕು: ಕೂತ ತಕ್ಷಣ ನಾನು ಯಾರು, ನನ್ನ ಕೈಲಿ ಏನಾಗುತ್ತದೆ, ಏನಾಗಲ್ಲ ಅಂತ ಹೇಳಿಬಿಡಬೇಕು.

ನಮ್ಮಲ್ಲಿ ಇದಕ್ಕೆ ತೀರಾ ಹತ್ತಿರದ ಕೆಲಸ ಎಂದರೆ ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ) ಕೇಸುಗಳ ಸಪೋರ್ಟ್ ಪರ್ಸನ್. 2020ರ ಪೋಕ್ಸೋ ನಿಯಮಗಳ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿ ಇವರನ್ನು ಮಗುವಿನ ಜೊತೆಗೆ ಕೊಡುತ್ತದೆ. ತನಿಖೆಯಿಂದ ವಿಚಾರಣೆ ಮುಗಿಯುವ ತನಕ ಇವರು ಜೊತೆಗಿರಬೇಕು, ಸಮಿತಿಗೆ ತಿಂಗಳ ತಿಂಗಳ ವರದಿ ಕೊಡಬೇಕು, ಮಗುವಿನ ವಿಷಯ ಹೊರಗೆ ಬಿಡಬಾರದು. ನಿಮ್ಮ ಓದು ಇದಕ್ಕೆ ಹೊಂದುತ್ತದೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ವಿಚಾರಿಸಿ. ದೊಡ್ಡ ಹೆಂಗಸರ ಜೊತೆ ಕೆಲಸ ಮಾಡಬೇಕೆಂದರೆ ಸಖಿ ಒನ್ ಸ್ಟಾಪ್ ಸೆಂಟರ್, ಸಾಂತ್ವನ ಕೇಂದ್ರಗಳಿವೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಪ್ಯಾರಾ ಲೀಗಲ್ ವಾಲಂಟಿಯರ್ (ಕಾನೂನು ನೆರವಿನ ಸ್ವಯಂಸೇವಕಿ) ಆಗಿಯೂ ಶುರು ಮಾಡಬಹುದು. ಇದರಲ್ಲಿ ದುಡ್ಡು ಕಡಿಮೆ, ಮೊದಲೇ ಹೇಳಿಬಿಡುತ್ತೇನೆ.

ಇನ್ನು ಕೆಲಸದ ವಿಷಯ. ಸಾಕ್ಷಿ ಹೇಳುವ ದಿನಕ್ಕಿಂತ ಮೊದಲು, ಕೋರ್ಟ್ ಹಾಲ್ ಖಾಲಿ ಇರುವಾಗ ಮಗುವನ್ನು ಕರೆದುಕೊಂಡು ಹೋಗಿ ತೋರಿಸಿ. ಜಡ್ಜ್ ಎಲ್ಲಿ ಕೂರುತ್ತಾರೆ, ಟೈಪ್ ಮಾಡುವವರು ಯಾರು, ಕರಿ ಕೋಟಿನ ಇಬ್ಬರಲ್ಲಿ ಪಿಪಿ ಯಾರು, ಟಾಯ್ಲೆಟ್ ಎಲ್ಲಿ, ನೀರು ಎಲ್ಲಿ. ಆರೋಪಿ ಕಣ್ಣಿಗೆ ಬೀಳದ ಹಾಗೆ ವ್ಯವಸ್ಥೆ ಇರಬೇಕು ಅಂತ ಪೋಕ್ಸೋ 36ನೇ ಸೆಕ್ಷನ್ ಹೇಳುತ್ತದೆ. ಪರದೆಯೋ ವಿಡಿಯೋ ಲಿಂಕೋ ಆ ಕೋರ್ಟಿನಲ್ಲಿ ಏನಿದೆ ಎಂದು ಪಿಪಿಯವರನ್ನು ಮುಂಚೆಯೇ ಕೇಳಿಟ್ಟುಕೊಳ್ಳಿ. ಕೋರ್ಟ್ ಒಳಗಷ್ಟೇ ಪರದೆ ಇದ್ದರೆ ಸಾಲದು. ಬಸ್ ಸ್ಟ್ಯಾಂಡಿನಲ್ಲಿ, ಕೋರ್ಟ್ ಕಾರಿಡಾರಿನಲ್ಲಿ, ಎದುರಿನ ಟೀ ಅಂಗಡಿಯಲ್ಲಿ ಆರೋಪಿ ಕಡೆಯವರು ನಿಂತಿರುತ್ತಾರಲ್ಲ, ಹುಡುಗಿ ಹೆದರಿ ಬಾಯಿ ಕಟ್ಟುವುದು ಅಲ್ಲೇ. ಎಷ್ಟು ಹೊತ್ತಿಗೆ ಬರುವುದು, ಯಾವ ಬಾಗಿಲಿಂದ ಬರುವುದು, ಎಲ್ಲಿ ಕಾಯುವುದು ಅಂತ ಯೋಚಿಸುವುದೇ ನಿಮ್ಮ ದೊಡ್ಡ ಕೆಲಸ. ನಡುವೆ ಸುಸ್ತಾದರೆ ಬಿಡುವು ಕೊಡಬೇಕು ಎಂದು 33ನೇ ಸೆಕ್ಷನ್‌ನಲ್ಲಿದೆ. ಬೇಕಾದಾಗ ಕೇಳಬಹುದು ಎಂದು ಮಗುವಿಗೆ ಮೊದಲೇ ಹೇಳಿ.

ಮಾಡಲೇಬಾರದ ಒಂದು ಕೆಲಸವಿದೆ. ಏನು ಹೇಳಬೇಕೆಂದು ಹೇಳಿಕೊಡಬೇಡಿ. ಒಂದು ಮಾತನ್ನೂ ತಿದ್ದಬೇಡಿ. ಪಾಟಿ ಸವಾಲಿನಲ್ಲಿ 'ಇದನ್ನು ನಿನಗೆ ಯಾರು ಹೇಳಿಕೊಟ್ಟರು?' ಎಂದು ಕೇಳೇ ಕೇಳುತ್ತಾರೆ. ಮಗು ನಿಮ್ಮ ಕಡೆ ನೋಡಿದರೆ ಸಾಕು, ಕೇಸಿಗೆ ಪೆಟ್ಟು. ನೀವು ಹೇಳಬಹುದಾದದ್ದು ಇಷ್ಟೇ: 'ನಿಜ ಹೇಳು. ಪ್ರಶ್ನೆ ಅರ್ಥ ಆಗದಿದ್ದರೆ ಅರ್ಥ ಆಗಲಿಲ್ಲ ಅನ್ನು. ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನು, ಅದೂ ಸರಿಯಾದ ಉತ್ತರವೇ.' ಮಗು ಹೊಸ ಸಂಗತಿ ಏನಾದರೂ ಹೇಳಿದರೆ ನೀವೇ ಕೆದಕಿ ಕೇಳಬೇಡಿ. ತನಿಖಾಧಿಕಾರಿಗೂ ಪಿಪಿಯವರಿಗೂ ತಿಳಿಸಿ.

'ಶಿಕ್ಷೆ ಆಗೇ ಆಗುತ್ತೆ' ಅನ್ನಬೇಡಿ. ಒಳ್ಳೇ ಮನಸ್ಸಿನಿಂದಲೇ ಎಲ್ಲರೂ ಹಾಗೆ ಹೇಳುತ್ತಾರೆ. ಆರೋಪಿ ಬಿಡುಗಡೆಯಾದ ದಿನ ಮಗುವಿನ ತಾಯಿ ಕೋರ್ಟನ್ನು ಮಾತ್ರ ಅಲ್ಲ, ನಿಮ್ಮನ್ನೂ ನಂಬದ ಹಾಗಾಗುತ್ತದೆ. 'ಮುಂದಿನ ವಾಯಿದೆ ಯಾವತ್ತು ಅಂತ ನಾನೇ ಫೋನ್ ಮಾಡಿ ಹೇಳ್ತೀನಿ' ಎಂದು ಮಾತು ಕೊಡಿ. ಅದನ್ನು ಪ್ರತಿ ಸಲ ಉಳಿಸಿಕೊಳ್ಳಿ. ವಾಯಿದೆ ಮುಂದಕ್ಕೆ ಹೋದರೂ ಫೋನ್ ಮಾಡಿ.

ಹಣದ ವಿಷಯವೂ ಗೊತ್ತಿರಲಿ. ಪರಿಹಾರ ಸಿಗಲು ಶಿಕ್ಷೆ ಆಗುವ ತನಕ ಕಾಯಬೇಕಿಲ್ಲ. ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ವಿಶೇಷ ಕೋರ್ಟ್ ಮಧ್ಯಂತರ ಪರಿಹಾರ ಕೊಡಬಹುದು. ಊಟ, ಬಟ್ಟೆ, ಓಡಾಟದ ಖರ್ಚಿಗೆ ತುರ್ತು ಹಣ ಬೇಕಾದರೆ ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡುತ್ತದೆ, ಅದು ಸಿಕ್ಕ ಒಂದು ವಾರದೊಳಗೆ ಹಣ ಕೊಡಬೇಕು ಎಂದು ನಿಯಮವಿದೆ. ಈ ಅರ್ಜಿ ಹಾಕಿಸುವುದನ್ನು ಜನ ಮರೆತೇಬಿಡುತ್ತಾರೆ. ಚಿಕಿತ್ಸೆಗೂ ಹಣ ಕೊಡಬೇಕಿಲ್ಲ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಅತ್ಯಾಚಾರ, ಆಸಿಡ್ ದಾಳಿಯಂಥ ಕೇಸುಗಳಲ್ಲಿ ಆಸ್ಪತ್ರೆ ಉಚಿತವಾಗಿ ನೋಡಬೇಕು.

ಪ್ರಶ್ನೆ: ನಾವು ಮೂಡಿಗೆರೆ ಹತ್ತಿರದ ಕಾಫಿ ತೋಟದ ಲೈನ್ ಮನೆಯಲ್ಲಿ ಇದ್ದೇವೆ. 14 ವರ್ಷದ ಮಗಳ ಮೇಲಿನ ಅತ್ಯಾಚಾರದ ಕೇಸು ಚಿಕ್ಕಮಗಳೂರು ಕೋರ್ಟಿನಲ್ಲಿದೆ. ಆರೋಪಿಗೆ ಜಾಮೀನು ಸಿಕ್ಕಿದ್ದು ಅವನು ಊರಿಗೆ ಬಂದ ಮೇಲೇ ಗೊತ್ತಾಯಿತು. ಅವನು ನಮ್ಮ ತೋಟದ ರೈಟರ್‌ಗೆ (ಕೆಲಸ ನೋಡಿಕೊಳ್ಳುವವರಿಗೆ) ನೆಂಟ. ರಾಜಿ ಮಾಡಿಕೊಳ್ಳಿ, ಇಲ್ಲದಿದ್ದರೆ ಮನೆ ಖಾಲಿ ಮಾಡಿ ಅನ್ನುತ್ತಿದ್ದಾರೆ. ಪಿಪಿ ನಮ್ಮ ವಕೀಲರಲ್ಲವೇ? ಅವರು ಯಾಕೆ ಹೇಳಲಿಲ್ಲ?

ಉತ್ತರ: ಅಣ್ಣಾ, ಮೊದಲು ಧೈರ್ಯ ತಂದುಕೊಳ್ಳಿ. ನೀವು ಕೇಳುತ್ತಿರುವುದು ನ್ಯಾಯವಾಗಿಯೇ ಇದೆ.

ಪಿಪಿ ಸರ್ಕಾರದ ಪರ ವಾದಿಸುವವರು. ಕೇಸು ನಡೆಸುವುದು ನಿಮ್ಮ ಮಗಳಿಗಾಗಿಯೇ ಆದರೂ ಅವರು ನಿಮ್ಮ ಸ್ವಂತ ವಕೀಲರಲ್ಲ. ಒಬ್ಬರ ಮೇಜಿನ ಮೇಲೇ ರಾಶಿ ಫೈಲುಗಳಿರುತ್ತವೆ. ಆದರೂ ನೀವು ಹೋಗಿ ಮಾತಾಡಬಹುದು, ಕೇಳಿಸಿಕೊಳ್ಳುತ್ತಾರೆ. ಜೊತೆಗೆ ನಿಮ್ಮದೇ ವಕೀಲರನ್ನೂ ಇಟ್ಟುಕೊಳ್ಳುವ ಹಕ್ಕನ್ನು ಪೋಕ್ಸೋ 40ನೇ ಸೆಕ್ಷನ್ ಕೊಟ್ಟಿದೆ. ದುಡ್ಡಿಲ್ಲ ಎಂದು ಸುಮ್ಮನಿರಬೇಡಿ. ಹೆಂಗಸರು, ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡಬೇಕು. 15100ಕ್ಕೆ ಫೋನ್ ಮಾಡಿ.

ಜಾಮೀನಿನ ವಿಷಯ ನಿಮಗೆ ತಿಳಿಸಲೇಬೇಕಿತ್ತು. ಹುಡುಗಿ 16 ವರ್ಷದೊಳಗಿದ್ದರೆ ಅತ್ಯಾಚಾರದ ಕೇಸಿನ ಜಾಮೀನು ಅರ್ಜಿ ಕೇಳುವಾಗ ದೂರು ಕೊಟ್ಟವರು ಅಥವಾ ಅವರ ಪರವಾಗಿ ಒಬ್ಬರು ಹಾಜರಿರಬೇಕು ಎಂದು ಕಾನೂನೇ ಹೇಳುತ್ತದೆ. ನೀವು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು ದೌರ್ಜನ್ಯ ತಡೆ ಕಾಯ್ದೆಯೂ ಹಾಕಿದ್ದರೆ, ಅದರ 15ಎ ಸೆಕ್ಷನ್ ಪ್ರಕಾರವೂ ನಿಮಗೆ ಮೊದಲೇ ತಿಳಿಸಬೇಕಿತ್ತು. ಜಾಮೀನಿನ ಆದೇಶದ ನಕಲು ತೆಗೆಸಿ. ಸಾಕ್ಷಿಗಳನ್ನು ಹೆದರಿಸಬಾರದು ಎಂಬ ಷರತ್ತು ಅದರಲ್ಲಿ ಸಾಮಾನ್ಯವಾಗಿ ಇರುತ್ತದೆ. ಅದನ್ನು ಮುರಿದಿದ್ದಾನೆ, ಜಾಮೀನು ರದ್ದು ಮಾಡಿ ಎಂದು ಕೇಳಬಹುದು.

ಇನ್ನು ಬೆದರಿಕೆ. ಪೋಕ್ಸೋ ಕೇಸು ಊರ ಪಂಚಾಯ್ತಿಯಲ್ಲಿ ರಾಜಿಯಾಗುವ ಕೇಸಲ್ಲ. ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಯಾರು, ಯಾವತ್ತು, ಏನು ಹೇಳಿದರು ಎಂದು ಬರೆದಿಡಿ. ಫೋನ್ ಕರೆ, ವಾಟ್ಸಾಪ್ ಮೆಸೇಜ್ ಅಳಿಸಬೇಡಿ. ಸುಪ್ರೀಂ ಕೋರ್ಟ್ ಒಪ್ಪಿದ 2018ರ ಸಾಕ್ಷಿ ರಕ್ಷಣಾ ಯೋಜನೆ ಇಂಥದ್ದಕ್ಕೇ ಇರುವುದು. ಜಿಲ್ಲಾ ನ್ಯಾಯಾಧೀಶರು ಅದರ ಸಮಿತಿಯ ಅಧ್ಯಕ್ಷರು. ಜಿಲ್ಲೆಯ ಅಭಿಯೋಜನೆಯ ಮುಖ್ಯಸ್ಥರೇ ಸದಸ್ಯ ಕಾರ್ಯದರ್ಶಿ, ಅರ್ಜಿ ಹೋಗಬೇಕಾದ್ದು ಅವರ ಮೂಲಕ. ಅಂದರೆ ಪಿಪಿ ಕಚೇರಿಯಲ್ಲೇ ಕೇಳಿ. ಎಷ್ಟು ಅಪಾಯ ಇದೆ ಎಂಬ ಪೊಲೀಸ್ ವರದಿ 5 ಕೆಲಸದ ದಿನಗಳಲ್ಲಿ ಬರಬೇಕು. ಮನೆ ಹತ್ತಿರ ಗಸ್ತು, ಬೇರೆ ಕಡೆ ವಾಸ, ಕೋರ್ಟಿಗೆ ಹೋಗಿಬರಲು ಪೊಲೀಸರ ಜೊತೆ, ಇವೆಲ್ಲ ಅದರಲ್ಲಿವೆ. ಲೈನ್ ಮನೆ ಬಿಡಿಸುತ್ತೇವೆ ಅಂದದ್ದನ್ನು ಅರ್ಜಿಯಲ್ಲಿ ಬಿಡಿಸಿ ಬರೆಯಿಸಿ. ಇದು ಬಾಡಿಗೆ ಮನೆಯ ಜಗಳ ಎಂದು ಯಾರೂ ತಳ್ಳಿಹಾಕಬಾರದು. ಕೂಡಲೇ ಅಪಾಯ ಅನ್ನಿಸಿದರೆ 112.

ಮಗಳಿಗೆ ಸಪೋರ್ಟ್ ಪರ್ಸನ್ ಕೊಟ್ಟಿದ್ದಾರಾ? ಇಲ್ಲದಿದ್ದರೆ ಮಕ್ಕಳ ಕಲ್ಯಾಣ ಸಮಿತಿಗೆ ನೀವೇ ಹೋಗಿ ಕೇಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿದರೂ ದಾರಿ ತೋರಿಸುತ್ತಾರೆ.

ಪ್ರಶ್ನೆ: ಅರಸೀಕೆರೆಯಿಂದ ಹಾಸನ ಕೋರ್ಟಿಗೆ ಸಾಕ್ಷಿ ಹೇಳಲು ಹೋಗಬೇಕು. ಆ ದಿನದ ಕೂಲಿ ಹೋಗುತ್ತದೆ. ಬಸ್ ಚಾರ್ಜ್ ಕೊಡುತ್ತಾರಾ?

ಉತ್ತರ: ಕ್ರಿಮಿನಲ್ ಕೇಸಿನ ಸಾಕ್ಷಿಗೆ ಸರ್ಕಾರದಿಂದ ಭತ್ಯೆ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ. ಸಮನ್ಸ್, ಬಸ್ ಟಿಕೆಟ್ ಎರಡೂ ಇಟ್ಟುಕೊಂಡಿರಿ. ಸಾಕ್ಷಿ ಮುಗಿದು ಹೊರಡುವ ಮೊದಲೇ ಪಿಪಿಯವರಿಗೋ ಬೆಂಚ್ ಕ್ಲರ್ಕ್‌ಗೋ ಹೇಳಿ. ಅವತ್ತು ನಿಮ್ಮನ್ನು ವಿಚಾರಿಸದೆ ವಾಯಿದೆ ಮುಂದಕ್ಕೆ ಹಾಕಿದರೂ ಕೇಳಿ, ಸಂಕೋಚ ಬೇಡ.