ಬಿಳಿ ಹೂವಿನ ಸಾಸಿವೆ ನೆಂಟ

ಪ್ರಶ್ನೆ: ನಾರ್ವೆಯ ಬೆಟ್ಟದಲ್ಲಿ ಬಂಡೆ ಸಂದಿಯಿಂದ ಇಣುಕುವ ಪುಟ್ಟ ಬಿಳಿ ಹೂ ನೋಡಿದೆ. ಹೆಸರು ಅರಾಬಿಸ್ ಆಲ್ಪಿನಾ, ಸಾಸಿವೆ ಕುಟುಂಬದ್ದು ಅಂದರು. ಸಾಸಿವೆ ಹೂ ಹಳದಿ ಅಲ್ವಾ?

ಉತ್ತರ: ಬಣ್ಣ ಬಿಡಿ, ಎಸಳು ಎಣಿಸಿ. ನಾಲ್ಕು ಎಸಳು, ಶಿಲುಬೆಯ ಹಾಗೆ ಎದುರುಬದುರು. ಒಳಗೆ 6 ಕೇಸರ, ಅದರಲ್ಲಿ 4 ಉದ್ದ, 2 ಗಿಡ್ಡ. ಹಿತ್ತಲಲ್ಲಿ ಕೀಳದೆ ಬಿಟ್ಟ ಮೂಲಂಗಿ ಹೂ ಬಿಟ್ಟಾಗ ನೋಡಿ, ಅದೇ ಲೆಕ್ಕ, ಅದೂ ಹಳದಿ ಅಲ್ಲ.

ಈ ಗಿಡದ ಮಜಾ ಇರೋದು ಎಲೆಯಲ್ಲಿ. ಬುಡದ ಎಲೆಗಳು ಗುಲಾಬಿಯ ಹಾಗೆ ಸುತ್ತಿಕೊಂಡಿರುತ್ತವೆ, ಅಂಚು ಹಲ್ಲುಹಲ್ಲು, ಮೇಲಿನವು ಕಾಂಡವನ್ನೇ ತಬ್ಬಿಕೊಂಡಿರುತ್ತವೆ, ಭೂತಗನ್ನಡಿ ಹಿಡಿದರೆ ಮೈತುಂಬ ನಕ್ಷತ್ರದಂತೆ ಕವಲೊಡೆದ ಕೂದಲು ಕಾಣುತ್ತದೆ. ಕಾಯಿ ತೆಳ್ಳಗೆ, ಉದ್ದಕ್ಕೆ.

ಸಾಸಿವೆ ಒಂದೇ ಬೆಳೆಗೆ ಮುಗಿಯುತ್ತದೆ, ಇದು ವರ್ಷಗಟ್ಟಲೆ ಬದುಕುತ್ತದೆ. ಇದರ ಹಲವು ತಳಿಗಳು ವಾರಗಟ್ಟಲೆ ಚಳಿ ಕಾಣದೆ ಹೂ ಬಿಡುವುದೇ ಇಲ್ಲ, ಬಿಟ್ಟಾಗಲೂ ಕೆಲವು ರೆಂಬೆಗಳನ್ನು ಹೂವಿಲ್ಲದೆ ಮುಂದಿನ ವರ್ಷಕ್ಕೆ ಉಳಿಸಿಕೊಳ್ಳುತ್ತವೆ. ಹೀಗೆ ಹೂ ಬಿಡದಂತೆ ತಡೆದಿಡುವ ಜೀನ್‌ಗೆ ಪೆಪ್1 ಎಂದು ಹೆಸರು, 2009ರಲ್ಲಿ ಈ ಬಗ್ಗೆ ಸಂಶೋಧನೆ ಪ್ರಕಟವಾಯಿತು.

ಬೀಜ ತಂದು ಬೆಂಗಳೂರಿನ ಕುಂಡದಲ್ಲಿ ಹಾಕಬೇಡಿ, ಸುಮ್ನೆ ಎಲೆ ನೋಡ್ತಾ ಕೂರಬೇಕಾಗುತ್ತದೆ.