ದಾಂಡೇಲಿ ಕಡೆ ಹಳೇ ಹಳಿದಾರಿ ಮೇಲೆ ನಡಿಗೆ-ಸೈಕಲ್ ಹಾದಿ: ಅರ್ಜಿ ವಾಪಸ್ ಯಾಕೆ?

ಹಳಿ ಕಿತ್ತ ಹಳೇ ದಾರಿಯನ್ನು ನಡಿಗೆ-ಸೈಕಲ್ ಹಾದಿ ಮಾಡೋಕೆ ಕೊಟ್ಟ ಅರ್ಜಿ, ಪಂಚಾಯ್ತಿ ಠರಾವು ಇದ್ದರೂ ವಾಪಸ್ ಬಂತು, ಯಾಕೆ ಅಂತ ಕೇಳಿದ್ರಲ್ಲ, ಬಹುಶಃ ತಕರಾರು ಜಾಗದ ಒಡೆತನದ್ದು. ಹಳಿ ಕಿತ್ತರೂ ನೆಲ ರೈಲ್ವೆಯದ್ದೇ ಇರಬಹುದು. ಮುಂದೆ ಗಾಡಿ ಓಡಿಸೋಕೆ ಬೇಕಾದೀತು ಅಂತ ಅವರು ಸುಲಭಕ್ಕೆ ಬಿಡಲ್ಲ. ಅಳ್ನಾವರ–ದಾಂಡೇಲಿ ಮಾರ್ಗದ ಕಥೆ ಮುಗೀತು ಅಂದುಕೊಂಡಿದ್ವಿ, 2019ರಲ್ಲಿ ಪ್ಯಾಸೆಂಜರ್ ಗಾಡಿ ಮತ್ತೆ ಬಂತು!

ಮೊದಲು ಆ ಸರ್ವೆ ನಂಬರಿನ ಪಹಣಿ ತೆಗೆಸಿ, 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ರೈಲ್ವೆ ಅಂತಿದ್ದರೆ ಹುಬ್ಬಳ್ಳಿ ವಿಭಾಗೀಯ ಕಚೇರಿಗೆ ಬರೆಯಿರಿ, ಜಾಗ ಕೇಳಬೇಡಿ, ಬಳಕೆಗೆ ಅನುಮತಿ ಕೇಳಿ. ಅರಣ್ಯ ಅಂತಿದ್ದರೆ ಡಾಂಬರು, ಕಾಂಕ್ರೀಟಿನ ಮಾತೇ ಬೇಡ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ. ಮಣ್ಣಿನ ಹಾದಿ ಅಂತಲೇ ಬರೆಯಿರಿ.

ಆಮೇಲೆ ಜುಲೈನಲ್ಲಿ ಕೊಡೆ ಹಿಡಿದು ಪೂರ್ತಿ ನಡೆಯಿರಿ. ಬೇಸಿಗೆಯಲ್ಲಿ ಚಂದ ಕಂಡಿದ್ದ ನಮ್ಮ ಕಡೆಯ ಹಳಿದಾರಿಯ ಮಣ್ಣಿನ ಏರಿ ಮಳೆಗೆ ಎರಡು ಕಡೆ ಕುಸಿದಿತ್ತು, ಹಳೇ ಮೋರಿಯೊಳಗೆ ಬಿದಿರಿನ ಬುಡ ಸಿಕ್ಕಿಕೊಂಡು. ಮೋರಿ ಬಿಡಿಸದೆ ಮೇಲೆ ಮಣ್ಣು ಹಾಕಬೇಡಿ. ಬೈಕು ನುಗ್ಗದಂತೆ ಎರಡೂ ತುದಿಗೆ ಕಲ್ಲುಕಂಬ ನೆಡಿ.